ಇಮಾಮಹುಸೇನ ಬಿಚ್ಚಿದ ಹೊಲಿಗೆ ಮಷೀನು

ಮಾನ್ವಿಯ ಸಂತೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮಾರುತ್ತಿದ್ದ ಇಮಾಮಹುಸೇನನಿಗೆ ದೇವರು ಎಲ್ಲರಂತೆ ಎರಡು ಕೈ ಕೊಟ್ಟಿದ್ದ. ಆದರೆ ಎರಡೂ ಬಿಚ್ಚುವ ಕೈಗಳೇ. ಬೀಗ ಕಂಡರೆ ಬಿಚ್ಚಿದ, ಟಾರ್ಚು ಕಂಡರೆ ಬಿಚ್ಚಿದ. ಮಸೀದಿಯ ಮೈಕು ಒಮ್ಮೆ ಗೊರಗೊರ ಎಂದಾಗ ಯಾರೂ ಕರೆಯದೆ ತಾನೇ ಹೋಗಿ ಬಿಚ್ಚಿದ. ಆಮೇಲೆ ಮೂರು ತಿಂಗಳು ಮುಲ್ಲಾ ಸಾಹೇಬರು ಬರಿಗಂಟಲಿನಲ್ಲೇ ಬಾಂಗ್ ಕೂಗಿದರು. ಅವನಿಗೆ ಕೆಟ್ಟ ಉದ್ದೇಶ ಒಂದಿಷ್ಟೂ ಇರಲಿಲ್ಲ. ಒಳಗೆ ಏನಿದೆ ಎಂದು ನೋಡಬೇಕು, ಅಷ್ಟೇ. ನೋಡಿದ ಮೇಲೆ ಅವನಿಗೆ ಸಮಾಧಾನವಾಗುತ್ತಿತ್ತು, ವಸ್ತುವಿನ ಒಡೆಯನಿಗೆ ಆಗುತ್ತಿರಲಿಲ್ಲ.

ಪಕ್ಕದ ಮನೆಯ ಸೂಗಪ್ಪ ಮಾಸ್ತರರು ನಲವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಿಂಚಣಿಯ ಮೊದಲ ದುಡ್ಡಿನಲ್ಲಿ ಕೊಂಡ ಅವರ ರೇಡಿಯೋ ಎರಡು ವರ್ಷದಿಂದ ಇಮಾಮಹುಸೇನನ ಮನೆಯ ಡಬ್ಬಿಯೊಂದರಲ್ಲಿ ಮೌನವ್ರತ ಹಿಡಿದಿತ್ತು. ಮಾಸ್ತರರು ಜಗಳವಾಡುವವರಲ್ಲ. ಪಾಠ ಹೇಳುವವರು.

"ಇಮಾಮಹುಸೇನಾ, ಕ್ರಿಯಾಪದ ಅಂದಮ್ಯಾಲ ಅದಕ್ಕೊಂದು ಅರ್ಥ ಇರತದಪಾ. ರುಮಾಲು ಬಿಚ್ಚಿದ್ವಿ ಅಂದ್ರ ಮತ್ತ ಸುತ್ತಾಕ ಬರಬೇಕು. ಗಂಟು ಬಿಚ್ಚಿದ್ವಿ ಅಂದ್ರ ಮತ್ತ ಕಟ್ಟಾಕ ಬರಬೇಕು. ವಾಪಸ್ ಮೊದಲಿನಂಗ ಆಗಲಿಲ್ಲ ಅಂದ್ರ ಅದು ಬಿಚ್ಚಿದ್ದಲ್ಲ, ಮುರದದ್ದು. ಈಗ ಹೇಳು, ನನ್ನ ರೇಡಿಯೋನ ನೀ ಬಿಚ್ಚೀಯೋ, ಮುರದೀಯೋ?"

"ಬಿಚ್ಚೀನ್ರಿ ಮಾಸ್ತರ್. ಜೋಡಿಸೋದೊಂದು ಉಳದದ ಅಷ್ಟ."

ಇಂಥ ಮನುಷ್ಯನಿಗೆ ಎಪ್ಪತ್ತೇಳನೆಯ ಇಸವಿಯಲ್ಲಿ ಮಗಳ ಮದುವೆ ಬಂತು. ಒಬ್ಬಳೇ ಮಗಳು ಕಮರುನ್ನೀಸಾ. ಸೂಗಪ್ಪ ಮಾಸ್ತರರ ಶಾಲೆಯಲ್ಲೇ ಏಳನೆಯ ಇಯತ್ತೆ ಕಲಿತವಳು. ವರ ದೇವದುರ್ಗದ ಮಹಮ್ಮದ್ ಹುಸೇನ್, ಒಳ್ಳೆಯ ಹುಡುಗ; ಎಷ್ಟು ಒಳ್ಳೆಯವನೆಂದರೆ ಈ ಕಥೆಯಲ್ಲಿ ಅವನಿಗೆ ಮಾತೇ ಇಲ್ಲ. ಮಾತೆಲ್ಲ ಅವನ ತಂದೆ ಅಲ್ಲಾಉದ್ದೀನರದು. ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ಬಂದಿದ್ದ ಅವರಿಗೆ ಬರೆದಿಟ್ಟ ಪಟ್ಟಿಯೆಂದರೆ ಪ್ರಾಣ. ಹಿರಿಯ ಮಗನ ಮದುವೆಯಲ್ಲಿ, ಬೀಗರು ಕೊಟ್ಟ ಜಹೇಜಿನ ಸಾಮಾನನ್ನು ಎಲ್ಲರೆದುರು ಪಟ್ಟಿ ಓದಿ ಒಪ್ಪಿಸಿಕೊಳ್ಳುವಾಗ, ಕೈ ತೊಳೆಯುವ ನೀರಿನ ಬದನಿಯ ಮುಚ್ಚಳ ಒಂದು ಕಡಿಮೆ ಬಿತ್ತೆಂದು ಇಡೀ ದಿಬ್ಬಣವನ್ನು ಮೂರು ತಾಸು ಬಿಸಿಲಿನಲ್ಲಿ ನಿಲ್ಲಿಸಿದ ಕೀರ್ತಿ ಅವರದು. ಆ ಮುಚ್ಚಳ ಹುಡುಕಿ ತರುವವರೆಗೆ ಹೊಸ ಸೊಸೆ ಟಾಂಗಾದಲ್ಲೇ ಕೂತಿದ್ದಳು.

ಮಾತುಕತೆಗೆ ಬಂದ ದಿನ ಅಲ್ಲಾಉದ್ದೀನರು ಚಹಾ ಬಸಿಗೆ ಸುರಿದುಕೊಳ್ಳುತ್ತ ಕೇಳಿದರು: "ಉಳ್ಳಾಗಡ್ಡಿ ವ್ಯಾಪಾರ ಬಿಟ್ಟು ಮತ್ತೇನರ ಹುನ್ನರು, ಕೈಕೆಲಸ ಅದ ಏನ್ರಿ ನಿಮಗ?"

ಇಮಾಮಹುಸೇನ ಎದೆ ಉಬ್ಬಿಸಿದ. "ಮಾನ್ವ್ಯಾಗ ನಾ ಬಿಚ್ಚಲಾರದ ಮಷೀನೇ ಇಲ್ರಿ ಬೀಗರ!"

ಇದು ನೂರಕ್ಕೆ ನೂರು ನಿಜ. ಮುಂದಿನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅಲ್ಲಾಉದ್ದೀನರು ತಲೆದೂಗಿ, "ಹಂಗಾದ್ರ ಭೇಷಾತು. ನಮ್ಮ ಮನ್ಯಾಗ ನಿಜಾಮರ ಕಾಲದ್ದೊಂದು ಗೋಡಿ ಗಡಿಯಾರ ನಿಂತುಬಿಟ್ಟದ. ಬಂದಾಗ ನೋಡೀರಂತ" ಎಂದರು. ಒಳಗಿನ ಬಾಗಿಲ ಸಂದಿಯಲ್ಲಿ ಇಮಾಮಹುಸೇನನ ಹೆಂಡತಿ ಕುಬ್ರಾ ಬೇಗಂ ಹಣೆ ಹಣೆ ಬಡಿದುಕೊಂಡಳು.

ಮದುವೆಗೆ ಹತ್ತು ದಿನ ಇರುವಾಗ ರಾಯಚೂರಿನಿಂದ ಹೊಲಿಗೆ ಮಷೀನು ಬಂತು. ಕೈಯಿಂದ ತಿರುಗಿಸುವ ಕಪ್ಪು ಮಷೀನು, ಮೈಮೇಲೆ ಬಂಗಾರದ ಬಳ್ಳಿ. ಜಹೇಜಿನ ಪಟ್ಟಿಯಲ್ಲಿ ಅದೇ ಮುಕುಟ. ಕುಬ್ರಾ ಬೇಗಂ ಅದನ್ನು ಒಳಕೋಣೆಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಮುಖಕ್ಕೆ ಬೆರಳು ತೋರಿಸಿ ಹೇಳಿದಳು: "ಹಾತ್ ನಕ್ಕೋ ಲಗಾವ್ ಜೀ!" ಕೈ ಹಚ್ಚಬೇಡ ಎಂಬ ಆ ಮಾತನ್ನು ದಖನಿಯಲ್ಲಿ ಒಮ್ಮೆ, ನೆರೆಯವರೂ ಸಾಕ್ಷಿಯಾಗಿರಲೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿ, ಮಲ್ಲಟದ ನೆಂಟರನ್ನು ಕರೆಯಲು ಬಸ್ಸು ಹತ್ತಿದಳು.

ಇಮಾಮಹುಸೇನ ಹೆಂಡತಿಯ ಮಾತು ಮೀರುವವನಲ್ಲ. ಬೀಗಕ್ಕೆ ಅವನು ಕೈ ಹಚ್ಚಲೇ ಇಲ್ಲ. ಬಾಗಿಲನ್ನೇ ಬಿಚ್ಚಿದ.

ಕಾರಣವಿತ್ತು. ಮಷೀನನ್ನು ಇಳಿಸುವಾಗ ಅದು ಒಂದು ಸಲ 'ಕಿರ್' ಎಂದದ್ದನ್ನು ಅವನು ಕಿವಿಯಾರೆ ಕೇಳಿದ್ದ. ನಾಳೆ ಅಲ್ಲಾಉದ್ದೀನರ ಮುಂದೆ ಕಿರ್ ಎಂದರೆ ಮಗಳ ಗತಿಯೇನು? ಒಂದೇ ಒಂದು ತಿರುಪು ಸಡಿಲಿಸಿ ಒಂದು ಹನಿ ಎಣ್ಣೆ ಬಿಡೋಣವೆಂದು ಕೂತ. ಸೂಜಿ ಹಿಡಿಯುವ ಆ ಮೊದಲ ತಿರುಪು ಜೀರಿಗೆಯಷ್ಟಿತ್ತು. ಮೊದಲು ತೆಗೆದದ್ದನ್ನು ಅತ್ಯಂತ ಜೋಪಾನವಾದ ಜಾಗದಲ್ಲಿ ಇಡುವುದು ಅವನ ನಿಯಮ. ಎಷ್ಟು ಜೋಪಾನವೆಂದರೆ ಆಮೇಲೆ ಅವನಿಗೂ ಸಿಗಬಾರದು. ಹಾಗೇ ಇಟ್ಟ. ಎರಡನೆಯದು ಬಂತು. ಕಮರುನ್ನೀಸಾ ಒಳಗೆ ಬಂದು ನೋಡುವ ಹೊತ್ತಿಗೆ ಇಪ್ಪತ್ತಾಗಿದ್ದವು.

"ಅಬ್ಬಾ! ಅಮ್ಮಿ ಕೊಲ್ತಾಳ ನಿಮ್ಮನ್ನ."

"ಕೊಲ್ಲಲಿ ಬಿಡು. ಇಲ್ಲಿ ನೋಡು, ಇದಕ್ಕ ಕೋಳಿ ಕಾಲು ಅಂತ ಹೆಸರಿಟ್ಟೀನಿ. ಕೋಳಿ ಅರಿವಿ ಮ್ಯಾಲ ಕಾಲಿಟ್ಟಂಗ ಇರತದ ಹೌದಿಲ್ಲೋ? ಇದು ಮಾಮಾನ ಮೂಗು. ಇದು ಕತ್ತೆ ಕಿವಿ."

ಕಮರುನ್ನೀಸಾ ನಕ್ಕಳು. ಇನ್ನು ಹತ್ತು ದಿನಕ್ಕೆ ಹೋಗುವ ಮಗಳು ಎದುರಿಗೆ ಕೂತು ನಗುತ್ತಿರುವಾಗ ಯಾವ ತಂದೆಗೆ ಕೈ ನಿಲ್ಲುತ್ತದೆ? ಅವಳನ್ನು ನಗಿಸಲೆಂದೇ ಅವನು ಹಲ್ಲಿ ನಾಲಗೆ, ಬೆಳ್ಳುಳ್ಳಿ ಎಸಳು, ಕುದುರೆ ಲಾಳ ಎಂದು ಒಂದೊಂದಕ್ಕೂ ನಾಮಕರಣ ಮಾಡುತ್ತ ಹೋದ. ಸಂಜೆಗೆ ಅರವತ್ತಮೂರನೆಯದಾಗಿ ಮಷೀನಿನ ಬುಡವೇ ಕೈಗೆ ಬಂತು. ಅದಕ್ಕೆ ಎಮ್ಮೆ ಬೆನ್ನು ಎಂದು ಹೆಸರಿಟ್ಟ. ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮಲ್ಲಟದ ಬಸ್ಸು ಬಂತು.

ಕುಬ್ರಾ ಬೇಗಂ ಮೊದಲು ಗೋಡೆಗೆ ಒರಗಿ ನಿಂತ ಬಾಗಿಲನ್ನು ನೋಡಿದಳು, ಅದಕ್ಕೆ ಹಾಕಿದ ಬೀಗವನ್ನು ನೋಡಿದಳು, ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಒಳಗೆ ನೋಡಿದಳು. ಅವಳ ದನಿಗೆ ಓಣಿಯ ಏಳು ಮನೆಯವರು ಅಂಗಳಕ್ಕೆ ಬಂದರು.

"ಮಾಸ್ತರ್, ಬರ್ರಿ, ನೀವ ಹೇಳ್ರಿ! ಇದು ಬಿಚ್ಚಿದ್ದೋ, ಮುರದದ್ದೋ?"

ಸೂಗಪ್ಪ ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಮದಿವಿ ದಿನಾ ತಿಳೀತದವ್ವಾ" ಎಂದರು.

ಅಂದಿನಿಂದ ಎಂಟು ದಿನ ಇಮಾಮಹುಸೇನ ಸಂತೆ ಬಿಟ್ಟು ಜೋಡಿಸಲು ಕೂತ. ಅವನದು ನ್ಯಾಯವಂತ ಪದ್ಧತಿ. ರೇಷನ್ ಅಂಗಡಿಯ ಸಾಲಿನಲ್ಲಿ ಮೊದಲು ಬಂದವನಿಗೆ ಮೊದಲು ಸಕ್ಕರೆ. ಹಾಗೆಯೇ ಮೊದಲು ಬಿಚ್ಚಿದ್ದನ್ನು ಮೊದಲು ಜೋಡಿಸಬೇಕು. ಜೀರಿಗೆ ತಿರುಪು ಎಲ್ಲೋ ಜೋಪಾನವಾಗಿದ್ದುದರಿಂದ ಎರಡನೆಯ ನಂಬರಿನಿಂದ ಶುರು ಮಾಡಿದ. ಮಾಮಾನ ಮೂಗನ್ನು ಹಿಡಿದುಕೊಂಡು, ಅದನ್ನು ಸಿಕ್ಕಿಸುವ ಜಾಗವೇ ಇನ್ನೂ ಬುಟ್ಟಿಯಲ್ಲಿದೆಯಲ್ಲ ಎಂದು ತಲೆ ಕೆರೆದುಕೊಂಡ. ಮೊದಲ ಸಲ ಜೋಡಿಸಿದಾಗ ಹದಿನೆಂಟು ಉಳಿದವು. ಎರಡನೆಯ ಸಲ ಇಪ್ಪತ್ತಾರು. ಮೂರನೆಯ ಸಲ ಆದದ್ದನ್ನು ನೋಡಿದ ಓಣಿಯವರು ಇದು ಹೊಲಿಗೆ ಮಷೀನಲ್ಲ, ಶಾವಿಗೆ ಮಷೀನು ಎಂದರು.

ಮದುವೆಯ ಹಿಂದಿನ ದಿನ ಅವನು ಸೋತು, ಎಲ್ಲವನ್ನೂ ಈರುಳ್ಳಿ ಬುಟ್ಟಿಗೆ ತುಂಬಿ, ಮಷೀನು ಕೊಂಡ ಅಂಗಡಿಯವರ ಕಾಲಿಗೆ ಬೀಳಲೆಂದು ರಾಯಚೂರಿನ ಬಸ್ಸು ಹತ್ತಿದ. ನೀರಮಾನ್ವಿ ದಾಟುವವರೆಗೂ ಬುಟ್ಟಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ಮಗಳ ಟಾಂಗಾ ಬಿಸಿಲಿನಲ್ಲಿ ನಿಂತಿರುವುದನ್ನೇ ಕಣ್ಣಮುಂದೆ ಕಾಣುತ್ತಿದ್ದ.

ರಾಯಚೂರಿನ ಬಾಯಲ್ಲಿ ಜಕಾತಿ ನಾಕಾ. ಊರೊಳಗೆ ಹೋಗುವ ಪ್ರತಿ ಸಾಮಾನೂ ಅಲ್ಲಿ ಮುಖ ತೋರಿಸಿ ಹೋಗಬೇಕು. ನಾಕೆಯ ಗುಮಾಸ್ತ ಹನುಮಂತ್ರಾಯ ಬಸ್ಸು ಹತ್ತಿ, ಬುಟ್ಟಿಯ ಮೇಲಿನ ಗೋಣಿ ಸರಿಸಿ, ಹುಬ್ಬೇರಿಸಿದ.

"ಏನಿದು?"

"ಹೊಲಿಗಿ ಮಷೀನ್ರಿ ಸಾಹೇಬ್ರ. ರಿಪೇರಿಗೆ."

"ನನಗ ಕಣ್ಣಿಲ್ಲ ಅಂತ ಮಾಡೀಯೇನು? ಇಳಿ ಕೆಳಗ."

ಬಸ್ಸು ಹೋಯಿತು. ಹನುಮಂತ್ರಾಯ ಕೆಟ್ಟವನಲ್ಲ. ನಿಯಮದ ಮನುಷ್ಯ; ಅದು ಕೆಟ್ಟವನಾಗಿರುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅವನು ಪೆನ್ನು ಕಿವಿಗೆ ಸಿಕ್ಕಿಸಿ ಗಂಭೀರವಾಗಿ ಯೋಚಿಸಿದ.

"ನೋಡಪಾ, ನಾ ಇದನ್ನ ಮಷೀನು ಅಂತ ಬರದ್ರ, ಮ್ಯಾಲಿನವ್ರು ಬಂದು ಹೊಲದು ತೋರ್ಸು ಅಂತಾರ. ಗುಜರಿ ಅಂತ ಬರದ್ರ, ನಾಳಿ ನೀ ಮಷೀನ್ ಮಾಡಿಕೊಂಡು ಹೊರಗ ಹೋಗೋ ಮುಂದ, ಗುಜರಿ ಎಲ್ಲಿ ಹೋತು, ಮಷೀನು ಎಲ್ಲಿಂದ ಬಂತು ಅಂತ ನನ್ನ ಕೊಳ್ಳಿಗೆ ಬೀಳ್ತಾರ. ಖರೇ ಹೇಳು, ಇದು ಬಿಚ್ಚಿದ್ದೋ, ಮುರದದ್ದೋ?"

ಇಮಾಮಹುಸೇನನಿಗೆ ಅಳುವೇ ಬಂತು. ಮಾನ್ವಿಯಲ್ಲಿ ಬಿಟ್ಟು ಬಂದೆನೆಂದುಕೊಂಡ ಪ್ರಶ್ನೆ ಐವತ್ತು ಕಿಲೋಮೀಟರು ಮುಂದೆ ಬಂದು ಕಾಯುತ್ತ ಕೂತಿತ್ತು.

"ಬಿಚ್ಚಿದ್ರಿ! ಅಲ್ಲಾನಾಣಿ, ಬಿಚ್ಚಿದ್ದು!"

"ಹಂಗಾದ್ರ ಒಂದೊಂದ ಹೆಸರು ಹೇಳು, ಬರಕೋತೀನಿ."

ಅಂಗಡಿಯವರು ಇಟ್ಟ ಹೆಸರು ಅವನಿಗೆ ಒಂದೂ ಗೊತ್ತಿರಲಿಲ್ಲ. ಮಗಳ ಮುಂದೆ ತಾನಿಟ್ಟ ಹೆಸರುಗಳು ಮಾತ್ರ ತೆಗೆದ ಸಾಲಿನಲ್ಲೇ ಬಾಯಿಗೆ ಬಂದವು. ಹನುಮಂತ್ರಾಯ ಮುಖದ ಗೆರೆಯೊಂದನ್ನೂ ಅಲುಗಿಸದೆ ಬರೆದುಕೊಂಡ: 'ಬಿಚ್ಚಿದ ಸ್ಥಿತಿಯಲ್ಲಿರುವ ಹೊಲಿಗೆ ಯಂತ್ರ. ಒಂದು: ಜೀರಿಗೆ ತಿರುಪು. ಎರಡು: ಮಾಮಾನ ಮೂಗು. ಮೂರು: ಕೋಳಿ ಕಾಲು.' ನಲವತ್ತನೆಯದಕ್ಕೆ ಪೆನ್ನಿನ ಮಸಿ ಮುಗಿಯಿತು. ಐವತ್ತನೆಯದಕ್ಕೆ ಹನುಮಂತ್ರಾಯ ಊಟಕ್ಕೆ ಹೋದ. ಊಟದ ನಂತರ ನಿದ್ದೆಯೂ ನಿಯಮದಲ್ಲಿತ್ತು. ಅರವತ್ತಮೂರು: ಎಮ್ಮೆ ಬೆನ್ನು ಎಂದು ಬರೆದು, ಸಹಿ ಮಾಡಿ, ದುಂಡು ಶಿಕ್ಕಾ ಹೊಡೆದು ಕಾಗದ ಕೈಗೆ ಕೊಡುವಾಗ ಹೊತ್ತು ಮುಳುಗಿತ್ತು. ಓಡಿ ಹೋಗಿ ನೋಡಿದರೆ ಅಂಗಡಿಗೆ ಬೀಗ. ಜೀವಮಾನದಲ್ಲಿ ಮೊದಲ ಸಲ ಇಮಾಮಹುಸೇನ ಒಂದು ಬೀಗವನ್ನು ನೋಡಿ ಬಿಚ್ಚಬೇಕೆನ್ನಿಸದೆ ತಿರುಗಿ ಬಂದ.

ಮರುದಿನ ನಿಕಾಹ ಸುಸೂತ್ರವಾಗಿ ಮುಗಿಯಿತು. ಬಿರಿಯಾನಿಯೂ ಮುಗಿಯಿತು. ಅಲ್ಲಾಉದ್ದೀನರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಜಹೇಜಿನ ಪಟ್ಟಿ ಹಿಡಿದು ಓದತೊಡಗಿದರು. ಮಂಚ ಒಂದು, ಬಂತು. ಪೆಟ್ಟಿಗೆ ಎರಡು, ಬಂದವು. ಬದನಿ ಎರಡು, ಮುಚ್ಚಳ ತಾವೇ ತೆಗೆದು ಹಾಕಿ ನೋಡಿದರು.

"ಹೊಲಿಗಿ ಮಷೀನು ಒಂದು. ಎಲ್ಲದ?"

ಇಮಾಮಹುಸೇನ ಈರುಳ್ಳಿ ಬುಟ್ಟಿಯನ್ನು ತಂದು ಮುಂದಿಟ್ಟು ಕಣ್ಣು ಮುಚ್ಚಿಕೊಂಡ. ಬುಟ್ಟಿ ನೋಡಿ ಅಲ್ಲಾಉದ್ದೀನರ ಮೀಸೆ ಎರಡೂ ಬದಿಗೆ ಎದ್ದಿತು. ಬಾಯಿ ತೆರೆಯುವ ಮೊದಲೇ ಬುಟ್ಟಿಯ ಮೇಲಿನ ಕಾಗದ ಕಣ್ಣಿಗೆ ಬಿತ್ತು. ಕಾಗದದ ಮೇಲೆ ಶಿಕ್ಕಾ. ಅವರು ಅರಿವಿಲ್ಲದೆ ಎದ್ದು ನಿಂತರು. ಮೂವತ್ತು ವರ್ಷದ ಚಟ, ಏನು ಮಾಡುತ್ತಾರೆ?

ನಿಂತೇ ಓದಿದರು: "ಜೀರಿಗಿ ತಿರುಪು, ಒಂದು. ಎಲ್ಲದ?"

"ಅದು ಜೀರಿಗಿಯಷ್ಟ ಇರತದ್ರಿ ಬೀಗರ. ಬುಟ್ಟಿ ತಳದಾಗ ಇರಬೇಕು."

"ಮುಂದ. ಮಾಮಾನ ಮೂಗು, ಒಂದು... ಇದ್ಯಾವ ಮಾಮಾ?" ಹೆಂಗಸರ ಕಡೆಯಿಂದ ಕಿಸಕ್ಕೆಂದ ನಗು. "ಕೋಳಿ ಕಾಲು, ಒಂದು. ಬೀಗರ, ಜಹೇಜಿನ್ಯಾಗ ಕೋಳಿ ಕಾಲು ಕೊಡ್ತೀರೇನು? ಅದೂ ಒಂದ?"

"ಸರ್ಕಾರಿ ಕಾಗದ ಅದ್ರಿ" ಎಂದ ಇಮಾಮಹುಸೇನ ಮೆಲ್ಲಗೆ.

ಅದಕ್ಕೆ ಎದುರಾಡುವಂತಿರಲಿಲ್ಲ. ಅಲ್ಲಾಉದ್ದೀನರು ಒಂದೊಂದನ್ನೇ ಓದಿದರು, ಒಂದೊಂದನ್ನೇ ಎತ್ತಿ ಊರಿಗೆಲ್ಲ ತೋರಿಸಿದರು. ಹಲ್ಲಿ ನಾಲಗೆಗೆ ಮಕ್ಕಳು ಚಪ್ಪಾಳೆ ತಟ್ಟಿದರು. ಎಮ್ಮೆ ಬೆನ್ನು ಬಂದಾಗ ಅಲ್ಲಾಉದ್ದೀನರ ಹೆಂಡತಿ ದಾವಲ್ ಬೀ ಬೆರಳು ಮಡಿಚಿ ಲೆಕ್ಕ ಮುಗಿಸಿದಳು. "ಯವ್ವಾ! ಎಲ್ಲಾ ಸೇರಿ ತೊಂಬತ್ತೊಂದು ಸಾಮಾನು! ನನ್ನ ತಂಗಿ ಸೊಸಿ ನಲವತ್ತ ತಂದಿದ್ಲು!" ದೇವದುರ್ಗದ ಹೆಂಗಸರೆಲ್ಲ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು.

ಆದರೆ ಅಲ್ಲಾಉದ್ದೀನರು ಅಷ್ಟು ಸುಲಭಕ್ಕೆ ಮೆತ್ತಗಾಗುವವರಲ್ಲ. "ಕಾಗದದಾಗ 'ಬಿಚ್ಚಿದ' ಅಂತ ಬರದದ. ಅದಕ್ಕ ಒಪ್ಪಿಕೊಂಡೀನಿ. ಬಿಚ್ಚಿದ್ದು ಅಂದ್ರ ಜೋಡಣಿ ಆಗಬೇಕು. ಒಂದು ತಿಂಗಳು ಟೈಮ್ ಕೊಡ್ತೀನಿ. ಅಷ್ಟ್ರಾಗ ಇದು ಹೊಲೀಲಿಲ್ಲ ಅಂದ್ರ, ಇದೇ ಬುಟ್ಟಿ ನಿಮ್ಮ ಮಗಳ ತಲಿ ಮ್ಯಾಲ ಹೊರಿಸಿ ಮಾನ್ವಿಗೆ ವಾಪಸ್ ಕಳಸ್ತೀನಿ."

ಇಮಾಮಹುಸೇನ ಮಗಳ ಕಡೆ ನೋಡಿದ. ಕಮರುನ್ನೀಸಾ ಮುಸುಕಿನೊಳಗಿಂದ ಕೈ ಚಾಚಿ ಮಾವನ ಕೈಯಿಂದ ಕಾಗದ ಇಸಿದುಕೊಂಡು ಮಡಿಚಿ ಇಟ್ಟುಕೊಂಡಳು. ಬುಟ್ಟಿಯೂ ಅವಳ ಜೊತೆ ದೇವದುರ್ಗಕ್ಕೆ ಹೋಯಿತು.

ಇಪ್ಪತ್ತೈದು ದಿನ ಇಮಾಮಹುಸೇನ ಬುಟ್ಟಿ ಕಂಡರೆ ಬೆಚ್ಚುತ್ತಿದ್ದ. ಈರುಳ್ಳಿ ವ್ಯಾಪಾರಿಗೆ ಅದೆಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ. ಏನನ್ನೂ ಬಿಚ್ಚಲಿಲ್ಲ, ಅಂಗಿಯ ಗುಂಡಿಯನ್ನೂ ಕುಬ್ರಾ ಬೇಗಮಳೇ ಬಿಚ್ಚಬೇಕಾಯಿತು. ಆಗ ದೇವದುರ್ಗದಿಂದ ಒಂದು ಕಾರ್ಡು ಬಂತು. ಸೂಗಪ್ಪ ಮಾಸ್ತರರು ಓದಿದರು:

'ಅಬ್ಬಾನಿಗೆ ಕಮರುನ್ನೀಸಾಳ ಸಲಾಂ. ಇಲ್ಲಿ ಎಲ್ಲರೂ ಕ್ಷೇಮ. ನಾಕೆಯಲ್ಲಿ ನೀವು ಬರೆಸಿದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದೆ. ಎಮ್ಮೆ ಬೆನ್ನಿನಿಂದ ಶುರು ಮಾಡಿ ಮಾಮಾನ ಮೂಗಿನವರೆಗೆ ಅರವತ್ತೆರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಒಂದನೆಯ ನಂಬರಿನ ಜೀರಿಗೆ ತಿರುಪು ಮಾತ್ರ ಬುಟ್ಟಿಯಲ್ಲಿ ಇಲ್ಲ. ಅದಿಲ್ಲದೆ ಸೂಜಿ ನಿಲ್ಲುವುದಿಲ್ಲ. ಈ ಕಾರ್ಡು ನಿಮಗೆ ಮುಟ್ಟುವ ಹೊತ್ತಿಗೆ ಇನ್ನು ಐದು ದಿನ ಉಳಿದಿರುತ್ತದೆ.'

ಮಾಸ್ತರರ ಕೈಯಿಂದ ಕಾರ್ಡು ಜಾರಿತು. "ನಲವತ್ತು ವರ್ಷ ಪಾಠ ಹೇಳೀನಲ್ಲೋ! ಕೆಳಗಿಂದ ಓದಬೇಕು ಅಂತ ನನಗ ಹೊಳೀಲಿಲ್ಲ!"

ಇಮಾಮಹುಸೇನ ಕುಣಿಯಲೂ ಇಲ್ಲ, ಅಳಲೂ ಇಲ್ಲ, ಹುಡುಕಲು ಓಡಿದ. ಹಾಸಿಗೆ ಬಿಚ್ಚಿದ, ಮಂಚ ಬಿಚ್ಚಿದ, ಒಲೆಯ ಬೂದಿ ಜರಡಿ ಹಿಡಿದ. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಮೂರನೆಯ ದಿನ ಸಂತೆ. ಕುಬ್ರಾ ಬೇಗಂ ಬೈದು, ತಕ್ಕಡಿ ಕೈಗೆ ಕೊಟ್ಟು ವ್ಯಾಪಾರಕ್ಕೆ ಅಟ್ಟಿದಳು.

ನೀರಮಾನ್ವಿಯ ಬೂದೆಮ್ಮ ಅರ್ಧ ಕಿಲೋ ಬೆಳ್ಳುಳ್ಳಿ ಕೇಳಿದಳು. ತೂಕ ಹಾಕುವಾಗ ಅವಳ ಕಣ್ಣು ತಕ್ಕಡಿಯ ತಟ್ಟೆಯ ತಳಕ್ಕೆ ಹೋಯಿತು. ಗಬಕ್ಕನೆ ಅವನ ಕೈ ಹಿಡಿದಳು.

"ಲೇ ಸಾಬಾ! ತಕ್ಕಡಿ ಬುಡಕ ಏನೋ ಅಂಟಿಸೀಯಲ್ಲೋ? ಬಡವರಿಗೆ ಮೋಸ ಮಾಡ್ತೀಯಾ? ಬರ್ರಪ್ಪೋ, ಎಲ್ಲಾರೂ ಬರ್ರಿ!"

ಸಂತೆ ಅರ್ಧ ಅಲ್ಲಿಗೇ ಬಂತು. ಪೊಲೀಸರನ್ನು ಕರೆಯಿರಿ ಎಂದ ಒಬ್ಬ. ಬೂದೆಮ್ಮ ತಟ್ಟೆಯ ತಳದಲ್ಲಿ ಗ್ರೀಸಿನ ಮುದ್ದೆಯಿಂದ ಅಂಟಿದ್ದ ಕಪ್ಪು ಚೂರನ್ನು ಉಗುರಿನಿಂದ ಕಿತ್ತು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಜೀರಿಗೆಯಷ್ಟೇ ಇತ್ತು.

ಇಮಾಮಹುಸೇನ ಅವಳ ಎರಡೂ ಪಾದ ಮುಟ್ಟಿದ. "ಯವ್ವಾ, ನನ್ನ ಮಗಳ ಮಾನ ಉಳಿಸಿದಿ! ಜೋಪಾನ ಇರಲಿ ಅಂತ ನಾನ ಇಲ್ಲಿ ಇಟ್ಟಿದ್ನೆವ್ವಾ! ತಗೋ, ಬುಟ್ಟಿ ಬೆಳ್ಳೊಳ್ಳಿ ಎಲ್ಲಾ ನೀನ ತಗೋ!" ಎಂದು ತಿರುಪನ್ನು ಕಸಿದುಕೊಂಡು ಬಸ್ ನಿಲ್ದಾಣದ ಕಡೆ ಓಡಿದ. ತನ್ನ ಕಳ್ಳತನ ಸಿಕ್ಕಿಬಿದ್ದದ್ದಕ್ಕೆ ಇಷ್ಟು ಸಂತೋಷಪಟ್ಟ ಕಳ್ಳನನ್ನು ಮಾನ್ವಿ ಸಂತೆ ಅಲ್ಲಿಯವರೆಗೆ ಕಂಡಿರಲಿಲ್ಲ.

ದೇವದುರ್ಗದ ಮನೆಯಲ್ಲಿ ಅಲ್ಲಾಉದ್ದೀನರು ಕ್ಯಾಲೆಂಡರು ಹಿಡಿದು ಕೂತಿದ್ದರು. ಇನ್ನು ಎರಡು ದಿನ ಉಳಿದಿತ್ತು. ಕಟ್ಟೆಯ ಮೇಲೆ ಕಪ್ಪು ಮಷೀನು ಬಂಗಾರದ ಬಳ್ಳಿ ಹೊಳೆಯಿಸುತ್ತ ಪೂರ್ತಿ ಮಷೀನಾಗಿ ನಿಂತಿತ್ತು. ಇಮಾಮಹುಸೇನ ಬಾಗಿಲಲ್ಲೇ ನಿಂತುಬಿಟ್ಟ. ತಾನು ಬಿಚ್ಚಿದ ವಸ್ತುವೊಂದು ಮತ್ತೆ ಮೊದಲಿನಂತಾದದ್ದನ್ನು ಅವನು ಇದುವರೆಗೆ ನೋಡಿರಲಿಲ್ಲ.

ಕಮರುನ್ನೀಸಾ ತಿರುಪು ಇಸಿದುಕೊಂಡು ಸೂಜಿಯ ಬುಡಕ್ಕೆ ಬಿಗಿದಳು. ಅಲ್ಲಾಉದ್ದೀನರು ಪರೀಕ್ಷೆಗೆಂದು ತಮ್ಮ ಹರಿದ ಕರವಸ್ತ್ರವನ್ನೇ ಕೊಟ್ಟರು. ಅವಳು ಹಿಡಿಕೆ ತಿರುಗಿಸಿದಳು. ಮಷೀನು ಟಕಟಕ ಎಂದು ನೆಟ್ಟಗೆ ಹೊಲಿಯಿತು. ಕಿರ್ ಎನ್ನಲೂ ಇಲ್ಲ.

ಅಲ್ಲಾಉದ್ದೀನರು ಹೊಲಿಗೆಯನ್ನು ಜಗ್ಗಿ ನೋಡಿದರು. ಕಿಸೆಯಿಂದ ಪೆನ್ನು ತೆಗೆದು, ಸೊಸೆಯ ಕೈಯಲ್ಲಿದ್ದ ಪಟ್ಟಿಯ ಮೊದಲ ಸಾಲಿಗೆ ಸರಿ ಗುರುತು ಹಾಕಿದರು. "ಬಿಚ್ಚಿದ್ದ. ಮುರದದ್ದಲ್ಲ" ಎಂದರು.

ಇಮಾಮಹುಸೇನ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ. ಮಾನ್ವಿಗೆ ಹೋದ ಕೂಡಲೇ ಮಾಸ್ತರರಿಗೆ ಈ ಮಾತು ಹೇಳಬೇಕು. ಇನ್ನು ಸಾಯುವವರೆಗೆ ಯಾವುದಕ್ಕೂ ಕೈ ಹಚ್ಚಬಾರದು ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ಆಣೆ ಪೂರ್ತಿ ಮುಗಿದಿತ್ತೋ ಇಲ್ಲವೋ, ಅಲ್ಲಾಉದ್ದೀನರು ಸ್ಟೂಲು ತಂದು ಗೋಡೆಗೆ ಹಾಕಿ, ನಿಜಾಮರ ಕಾಲದ ಗಡಿಯಾರವನ್ನು ಇಳಿಸಿ ಅವನ ಮುಂದೆ ಇಟ್ಟರು.

"ಅವತ್ತ ಹೇಳಿದ್ನಲ್ರಿ ಬೀಗರ. ಇದ ನೋಡ್ರಿ ಅದು."

ಇಮಾಮಹುಸೇನನ ಕೈ ತಾನಾಗಿ ಮುಂದೆ ಹೋಯಿತು. ಅಲ್ಲೇ ನಿಂತಿತು. ಅವನು ಹೆದರಿ ಮಗಳ ಮುಖ ನೋಡಿದ.

ಕಮರುನ್ನೀಸಾ ಮಾವನ ಪೆನ್ನು ಕೇಳಿ ಇಸಿದುಕೊಂಡು, ಪಟ್ಟಿಯ ಹಿಂಬದಿಯನ್ನು ತೊಡೆಯ ಮೇಲೆ ಹರವಿ, 'ಒಂದು' ಎಂದು ಬರೆದು, ತಂದೆಯ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು.

"ಬಿಚ್ಚರಿ ಅಬ್ಬಾ" ಎಂದಳು. "ನಾ ಬರಕೋತೀನಿ."